ಮುಡಿಗೆ ರಜೆ ಉಂಟು, ಸಮುದ್ರಕ್ಕಿಲ್ಲ

ತಿ. ನರಸೀಪುರ,
ಆಷಾಢ ಮಾಸ, ಶನಿವಾರ

ಇವರಿಗೆ:
ಮಾನ್ಯ ಮುಖ್ಯೋಪಾಧ್ಯಾಯರು,
ನಮ್ಮ ಮಕ್ಕಳು ಓದುತ್ತಿರುವ ಇಂಗ್ಲಿಷ್ ಮೀಡಿಯಂ ಶಾಲೆ
(ಶಾಲೆಯ ಹೆಸರನ್ನು ಬೇಕೆಂದೇ ಬರೆದಿಲ್ಲ, ಊರಿನ ಎಲ್ಲ ಶಾಲೆಗಳಿಗೂ ತಮ್ಮದೇ ಇರಬಹುದೆಂದು ಒಂದು ಗಳಿಗೆ ಗಾಬರಿಯಾಗಲಿ.)

ಮಾನ್ಯರೇ,

ತಮಗೆ ಶಿರಬಾಗಿ ನಮಸ್ಕಾರ. ಮೊದಲ ಸಾಲಿನಲ್ಲೇ ಶಿರದ ಪ್ರಸ್ತಾಪ ಮಾಡಿದ್ದಕ್ಕೆ ಕ್ಷಮೆ ಇರಲಿ; ಈ ಪತ್ರ ಮುಗಿಯುವ ತನಕ ತಲೆ, ಕೂದಲು, ಜಡೆ ಇವೇ ಬರುವುದರಿಂದ ತಮಗೆ ಈಗಿನಿಂದಲೇ ಅಭ್ಯಾಸವಾಗಲಿ ಎಂಬ ಸದುದ್ದೇಶ ನನ್ನದು. ನಾನು ಮಂಗಳಗೌರಿ. ತಮ್ಮ ಶಾಲೆಯ ಏಳನೇ ತರಗತಿಯ ಶೃತಿ ಮತ್ತು ನಾಲ್ಕನೇ ತರಗತಿಯ ಮದನ್ ಇವರ ತಾಯಿ, ಸಂತೆಮಾಳದ ಹತ್ತಿರ ಶಾಮಿಯಾನದ ಅಂಗಡಿ ಇಟ್ಟಿರುವ ಅಮೃತೇಶ್ ಅವರ ಹೆಂಡತಿ. ತಾವು ನನ್ನನ್ನು ಮರೆತಿರಲಾರಿರಿ; ಈ ವಾರ ಒಂದು ಇಡೀ ಬೆಳಗು ತಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತು, ತಮ್ಮ ಬಾಗಿಲ ಪರದೆಯಲ್ಲಿರುವ ಹೂವುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು, ತಮ್ಮ ದರ್ಶನ ಸಿಗದೆ ಮನೆಗೆ ಹಿಂದಿರುಗಿದವಳು ನಾನೇ.

ಈ ಪತ್ರವನ್ನು ತಮಗೊಬ್ಬರಿಗೇ ಬರೆಯದೆ ಬಹಿರಂಗವಾಗಿ ಬರೆಯಲು ಕಾರಣವಿದೆ. ಪೋಷಕರು ಮನಸ್ಸು ಬಿಚ್ಚಿ ಮಾತಾಡಲೆಂದು ತಾವು ಮಾಡಿಕೊಟ್ಟಿರುವ ವಾಟ್ಸ್ಯಾಪ್ ಗುಂಪಿನಲ್ಲಿ ಅಡ್ಮಿನ್ ಆದ ತಾವು ಮಾತ್ರ ಮಾತಾಡಬಹುದು, ಉಳಿದ ನಾವೆಲ್ಲ ಕೈಮುಗಿಯುವ ಚಿತ್ರವನ್ನೂ ಹಾಕುವಂತಿಲ್ಲ. ಹಾಗಾಗಿ ಪ್ರತಿ ತೆಗೆದು ಹಂಚಲು ಬಸ್ ಸ್ಟ್ಯಾಂಡಿನ ಪಕ್ಕದ ಜೆರಾಕ್ಸ್ ಅಂಗಡಿಯವರ ಸಹಾಯ ಕೇಳಿದ್ದೇನೆ. ಅವರು ನನ್ನ ಅಕ್ಷರ ದುಂಡಗಿದೆ ಎಂದರು. ಕನ್ನಡ ಮೀಡಿಯಂ ಓದಿದವಳು, ಕ್ಷಮಿಸಬೇಕು.

ಮೊದಲಿಗೆ ತಮ್ಮ ಆಡಳಿತವನ್ನು ನಾಲ್ಕು ಮಾತಿನಲ್ಲಿ ಹೊಗಳದಿದ್ದರೆ ನನ್ನ ನಾಲಿಗೆಗೆ ಸಮಾಧಾನವಿಲ್ಲ. ಮಕ್ಕಳಿಗೆ ರಜೆ ಕೊಡಲು ತಾವು ಮೂರೇ ಕಾರಣಗಳನ್ನು ಮಾನ್ಯ ಮಾಡಿದ್ದೀರಿ: ಕಾಯಿಲೆ, ಸಾವು ಮತ್ತು ದೇವರು. ಕಾಯಿಲೆಗೆ ಡಾಕ್ಟರ ಚೀಟಿ ಬೇಕು, ಸಾವಿಗೆ ಸತ್ತವರು ಹತ್ತಿರದವರಾಗಿರಬೇಕು, ದೇವರಿಗೆ ಪ್ರಸಾದ ತಂದು ತೋರಿಸಬೇಕು. ಬಹಳ ಯೋಚಿಸಿ ಮಾಡಿದ ನಿಯಮವಿದು. ಮನುಷ್ಯ ಹಾಸಿಗೆ ಹಿಡಿಯಬಹುದು, ಮಣ್ಣಿಗೆ ಹೋಗಬಹುದು, ಇವೆರಡೂ ಆಗದಿರಲೆಂದು ಬೇಡಿಕೊಳ್ಳಲು ಬೆಟ್ಟ ಹತ್ತಬಹುದು; ಇವುಗಳ ನಡುವೆ ಅಪ್ಪ ಅಮ್ಮ ಮಕ್ಕಳು ಒಟ್ಟಿಗೆ ಎಲ್ಲಿಗಾದರೂ ಹೋಗಿ ಸುಮ್ಮನೆ ನಗುತ್ತಾ ಇದ್ದು ಬರುವುದೆಂಬ ದುಶ್ಚಟಕ್ಕೆ ತಾವು ಜಾಗವನ್ನೇ ಇಟ್ಟಿಲ್ಲ. ಅದಕ್ಕೆಂದೇ ಬೇಸಿಗೆ ರಜೆ, ದಸರಾ ರಜೆ ಇವೆಯಲ್ಲ ಎಂದು ತಾವು ಕೇಳುತ್ತೀರಿ. ನಾವು ರಜೆ ಕೇಳಲು ಬಂದ ದಿನ ಕೇಳಿದಿರಿ ಕೂಡ. ಅದಕ್ಕೆ ಉತ್ತರ ಹೇಳಲು ಅಂದು ಸಮಯ ಕೊಡಲಿಲ್ಲವಾದ್ದರಿಂದ ಈಗ ಹೇಳುತ್ತೇನೆ.

ಮಾನ್ಯರೇ, ಶಾಮಿಯಾನದವರ ಮನೆಯ ಪಂಚಾಂಗ ಶಾಲೆಯ ಪಂಚಾಂಗಕ್ಕೆ ಬೆನ್ನು ತಿರುಗಿಸಿ ಕೂತಿರುತ್ತದೆ. ತಾವು ಶಾಲೆಗೆ ಬೀಗ ಹಾಕಿದ ದಿನ ನಮ್ಮ ಗೋಡೌನಿನ ಬೀಗ ತೆರೆಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಊರಿನ ಮಕ್ಕಳೆಲ್ಲ ಅಜ್ಜಿ ಮನೆಯಲ್ಲಿ ಮಾವಿನಹಣ್ಣು ತಿನ್ನುವಾಗ ನನ್ನ ಮಕ್ಕಳು ಟೆಂಪೋದ ಹಿಂದೆ ಕುರ್ಚಿಗಳ ಮೇಲೆ ಕೂತು ಯಾರದೋ ಮದುವೆಗೆ ಹೋಗುತ್ತಿರುತ್ತಾರೆ. ಅದೂ ಊಟಕ್ಕಲ್ಲ, ಕುರ್ಚಿ ಇಳಿಸುವುದಕ್ಕೆ. ದಸರಾ ರಜೆಯಲ್ಲಿ ಪೆಂಡಾಲುಗಳು, ಅದು ಮುಗಿದರೆ ಗೃಹಪ್ರವೇಶಗಳು, ಕಾರ್ತಿಕದಲ್ಲಿ ಮತ್ತೆ ಮದುವೆಗಳು. ಊರಿನವರು ನಗುವ ದಿನವೆಲ್ಲ ನಮಗೆ ಮೈಕೈ ನೋವು. ವರ್ಷದಲ್ಲಿ ಅಮೃತೇಶ್ ಹಗ್ಗ ಬಿಟ್ಟು ಕೈ ತೊಳೆಯುವ ಕಾಲವೆಂದರೆ ಆಷಾಢವೊಂದೇ. ಆಷಾಢದಲ್ಲಿ ಯಾರೂ ತಾಳಿ ಕಟ್ಟುವುದಿಲ್ಲ, ಹಾಲು ಉಕ್ಕಿಸುವುದಿಲ್ಲ. ಸಾವಿಗೆ ಆಷಾಢವಿಲ್ಲ ಎಂಬುದು ನಿಜ, ಆದರೆ ಅದಕ್ಕೆ ಒಂದು ಸಣ್ಣ ಶಾಮಿಯಾನ ಸಾಕು, ಕೆಲಸದ ಹುಡುಗರು ನೋಡಿಕೊಳ್ಳುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ, ಹೊಸ ಸೊಸೆಯರನ್ನೆಲ್ಲ ಆಷಾಢಕ್ಕೆ ತವರಿಗೆ ಕಳಿಸಿದರೆ, ನನ್ನ ಗಂಡ ಅದೊಂದು ತಿಂಗಳಲ್ಲೇ ಮನೆಯಲ್ಲಿರುತ್ತಾರೆಂದು ನಾನು ಹಟ ಹಿಡಿದು ಹೋಗದೆ ಉಳಿದವಳು. ಅತ್ತೆ ಅದನ್ನು ಈಗಲೂ ಹೇಳಿ ನಗುತ್ತಾರೆ.

ಹಾಗಿದ್ದರೂ ಹೋದ ಮೇ ತಿಂಗಳಲ್ಲಿ ಒಂದು ಪವಾಡ ನಡೆಯುವುದರಲ್ಲಿತ್ತು. ತಿಂಗಳ ಕೊನೆಯಲ್ಲಿ ಮುಹೂರ್ತವಿಲ್ಲದ ಕೆಲವು ದಿನ ಸಿಕ್ಕಿದ್ದವು. ಮಕ್ಕಳಿಗೆ ಸಮುದ್ರ ತೋರಿಸುವುದೆಂದು ನಿಶ್ಚಯವಾಗಿತ್ತು. ಮದನ್ ಪಕ್ಕದ ಮನೆಯವರಿಗೆಲ್ಲ ಹೇಳಿ ಮುಗಿಸಿದ್ದ. ಆಗ ತಾವು ನಮ್ಮ ಬಡವರ ಮನೆಗೆ ದಯಮಾಡಿಸಿದಿರಿ. ತಮ್ಮ ಪುರೋಹಿತರು ಯಾರಿಗೂ ಕಾಣದ ಒಂದು ಮುಹೂರ್ತವನ್ನು ಅದೇ ದಿನಗಳಲ್ಲಿ ಹುಡುಕಿ ತೆಗೆದಿದ್ದರು. ತಾವು ನಮ್ಮ ಜಗಲಿಯ ಮೇಲೆ ಕುಳಿತು, "ಅಮೃತೇಶ್, ನೀವು ಆಗಲ್ಲ ಅಂದ್ರೆ ನಾನು ಮಗಳ ಮದುವೇನೇ ಮುಂದಕ್ ಹಾಕ್ಬುಡ್ತೀನಿ ಕಣ್ರೀ" ಎಂದಿರಿ. ಮಕ್ಕಳ ಮೇಷ್ಟ್ರು ಮನೆಗೆ ಬಂದು ಇಷ್ಟು ಹೇಳಿದ ಮೇಲೆ ಆಗದು ಎನ್ನುವ ಶಾಮಿಯಾನದವನು ಈ ತಾಲ್ಲೂಕಿನಲ್ಲಿ ಹುಟ್ಟಿಲ್ಲ. ಸಮುದ್ರ ಎಲ್ಲಿಗೂ ಹೋಗುವುದಿಲ್ಲ ಎಂದು ಮಕ್ಕಳಿಗೆ ಸಮಾಧಾನ ಹೇಳಿದೆವು. ತಮ್ಮ ಮಗಳ ಮದುವೆಯ ಕುರ್ಚಿಗಳಿಗೆಲ್ಲ ಬಿಳಿ ಬಟ್ಟೆ ತೊಡಿಸಿ ಹಿಂದೆ ಕೆಂಪು ಟೇಪು ಕಟ್ಟಿದವಳು ಶೃತಿ, ಊಟದ ಪಂಕ್ತಿಗೆ ಎಲೆ ಹಾಕಿದವನು ಮದನ್. ತಾವು ಅವರಿಬ್ಬರ ತಲೆ ಸವರಿ, "ರಜ ಅಂದ್ರೆ ಹಿಂಗೆ ಕಳೀಬೇಕು" ಎಂದು ಬೀಗರಿಗೆ ತೋರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಅಂದು ತಾವು ಸವರಿದ ತಲೆಗಳೇ ಇಂದು ಈ ಪತ್ರದ ವಿಷಯವಾಗಿವೆ.

ಆಷಾಢ ಬಂತು. ಅಮೃತೇಶ್ ಸತ್ಯವಂತರಂತೆ ಒಂದು ರಜೆ ಪತ್ರ ಬರೆದರು: ಮಕ್ಕಳಿಗೆ ಸಮುದ್ರ ತೋರಿಸಿಕೊಂಡು ಬರಲು ನಾಲ್ಕು ದಿನ ರಜೆ ಕೊಡಬೇಕಾಗಿ ವಿನಂತಿ. ಇಬ್ಬರೂ ತಮ್ಮ ಮುಂದೆ ನಿಂತೆವು. ತಾವು ಅದನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಓದಿದಿರಿ. ಸಮುದ್ರವೆಂಬುದು ತಮ್ಮ ಮೇಜಿನ ಮೇಲೆ ಚೆಲ್ಲಿಬಿಟ್ಟಂತೆ ಪತ್ರವನ್ನು ಎರಡು ಬೆರಳಲ್ಲಿ ಎತ್ತಿ ಹಿಂದಕ್ಕೆ ಕೊಟ್ಟಿರಿ. "ಟೂರ್‌ಗೆಲ್ಲ ರಜ ಕೊಡಕ್ಕಾಗಲ್ಲಮ್ಮ. ನೋಡೋದೆಲ್ಲ ನಾವೇ ತೋರಿಸ್ತೀವಿ, ಶೈಕ್ಷಣಿಕ ಪ್ರವಾಸ ಇದೆಯಲ್ಲ" ಎಂದಿರಿ. ಹೌದು ಮಾನ್ಯರೇ, ಇದೆ. ಪ್ರತಿವರ್ಷ ತಾವು ನಮ್ಮ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಸೋಮನಾಥಪುರ ತೋರಿಸಿ, ತಲಕಾಡಿನ ಮರಳಲ್ಲಿ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿ ಕರೆತರುತ್ತೀರಿ. ಸೋಮನಾಥಪುರದಲ್ಲಿ ನನ್ನ ತವರಿದೆ. ಶೃತಿ ಹುಟ್ಟಿದ್ದೇ ಅಲ್ಲಿ. ತಲಕಾಡಿನ ಮರಳಲ್ಲಿ ಶಾಮಿಯಾನದ ಗೂಟ ನಿಲ್ಲುವುದಿಲ್ಲ, ಮರಳು ತುಂಬಿದ ಚೀಲಕ್ಕೇ ಹಗ್ಗ ಕಟ್ಟಬೇಕು ಎಂಬುದನ್ನು ಮದನ್ ತಮ್ಮ ಸಮಾಜ ವಿಜ್ಞಾನದ ಮೇಷ್ಟ್ರಿಗೆ ಹೇಳಿಕೊಡಬಲ್ಲ.

ನಾವು ಹೊರಗೆ ಬಂದು ಮೆಟ್ಟಿಲ ಮೇಲೆ ಮುಖ ಸಣ್ಣದು ಮಾಡಿಕೊಂಡು ನಿಂತಾಗ, ತಮ್ಮ ಅಟೆಂಡರ್ ರಂಗನಾಯಕ ಹತ್ತಿರ ಬಂದು ಪಿಸುಗುಟ್ಟಿದ: "ಅಕ್ಕಾ, ಸಮುದ್ರ ಗಿಮುದ್ರ ಎಲ್ಲ ಬರೀಬ್ಯಾಡಿ. ಮಾದಪ್ಪನ ಬೆಟ್ಟಕ್ಕೆ ಮುಡಿ ಕೊಡಕ್ಕೆ ಓಯ್ತೀವಿ ಅಂತ ಬರೀರಿ. ಮುಡಿ ಅಂದ್ರೆ ಸಾಹೇಬ್ರು ಇಲ್ಲ ಅನ್ನಕ್ಕಿಲ್ಲ." ರಂಗನಾಯಕನ ಮೇಲೆ ದಯವಿಟ್ಟು ಕೋಪ ಬೇಡ. ಅವನು ಹೇಳಿದ್ದು ಊರಿಗೆಲ್ಲ ಗೊತ್ತಿರುವ ಮಾತು. ತಮ್ಮ ಶಾಲೆಯಿಂದ ಮಾದಪ್ಪನ ಬೆಟ್ಟಕ್ಕೆಂದು ಹೊರಟ ಮಕ್ಕಳು ಊಟಿಯ ಟೋಪಿ ಹಾಕಿಕೊಂಡು ವಾಪಸು ಬರುವುದು ಇಂದು ನಿನ್ನೆಯದಲ್ಲ. ತಪ್ಪಾದದ್ದು ನನ್ನ ಗಂಡನದು. ಹೆಣ್ಣುಮಕ್ಕಳಾದರೆ ಹೂಮುಡಿ ಎಂದು ಒಂದು ಕುಚ್ಚು ಕೂದಲು ಕೊಟ್ಟರೆ ಮಾದಪ್ಪ ಒಪ್ಪಿಕೊಳ್ಳುತ್ತಾನೆ, ಆ ರಿವಾಜು ಎಲ್ಲರಿಗೂ ಗೊತ್ತು. ಆದರೆ ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ "ಪೂರ್ತಿ ಪೆಂಡಾಲು, ಪೂರ್ತಿ ಕುರ್ಚಿ, ಪೂರ್ತಿ ಪಾತ್ರೆ" ಎಂದು ಬರೆದುಕೊಟ್ಟು ರೂಢಿಯಾದ ಕೈ ಅದು, ಹೊಸ ರಜೆ ಪತ್ರದಲ್ಲೂ ಸರಾಗವಾಗಿ "ಮಕ್ಕಳಿಬ್ಬರ ಪೂರ್ತಿ ಮುಡಿ" ಎಂದು ಬರೆದುಬಿಟ್ಟಿತು. ತಾವು ಓದಿ ಎದ್ದು ನಿಂತು ಕೈಮುಗಿದಿರಿ, ಸಹಿ ಹಾಕಿದಿರಿ, "ಲಾಡು ಮರೀಬ್ಯಾಡಿ" ಎಂದಿರಿ. ಸಮುದ್ರ ನೋಡಲು ಸಿಗದ ರಜೆ ಅದೇ ಮಧ್ಯಾಹ್ನ ಅದೇ ಮೇಜಿನ ಮೇಲೆ ಸಿಕ್ಕಿತು. ನಮ್ಮ ಮನೆದೇವರ ಹೆಸರಲ್ಲಿ ಸುಳ್ಳು ಹೇಳಿದೆವಲ್ಲ ಎಂದು ಅಂದೇ ದೇವರ ಮುಂದೆ ಒಂದು ತಪ್ಪುಕಾಣಿಕೆ ತೆಗೆದಿಟ್ಟು, ಬಟ್ಟೆ ತುಂಬಿದೆ.

ಹೀಗೆ ನಾವು ಬೆಟ್ಟದ ದಿಕ್ಕಿಗೆ ಬೆನ್ನು ಹಾಕಿ, ನಂಜನಗೂಡಿನಲ್ಲಿ ಬಸ್ಸು ಬದಲಿಸಿ, ಗುಂಡ್ಲುಪೇಟೆಯ ಕಾಡು ದಾಟಿ ಕೇರಳದ ಕಲ್ಲಿಕೋಟೆಗೆ ಹೋದೆವು. ಘಾಟಿಯ ತಿರುವುಗಳಲ್ಲಿ ಮದನ್ ಬೆಳಗಿನ ಇಡ್ಲಿಯನ್ನೆಲ್ಲ ಕೇರಳ ಸರ್ಕಾರಕ್ಕೆ ಒಪ್ಪಿಸಿದ. ಆಷಾಢದಲ್ಲಿ ಸಮುದ್ರ ನೋಡಲು ಹೋಗುವವರು ಹುಚ್ಚರು ಇಲ್ಲವೇ ಶಾಮಿಯಾನದವರು. ದಡದಲ್ಲಿ ಕೆಂಪು ಬಾವುಟ ನೆಟ್ಟಿದ್ದರು, ಒಬ್ಬ ಕಾವಲಿನವನು ನೀರಿಗಿಳಿಯಬೇಡಿರೆಂದು ಸೀಟಿ ಊದುತ್ತಲೇ ಇದ್ದ, ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ನಾವು ಕಟ್ಟೆಯ ಮೇಲೆ ಕೊಡೆ ಹಿಡಿದು ಕೂತು ಬಾಳೆಹಣ್ಣಿನ ಬಜ್ಜಿ ತಿಂದೆವು. ಅಮೃತೇಶ್ ಮೊದಲ ದಿನವೆಲ್ಲ ಗಾಳಿಯನ್ನೇ ನೋಡುತ್ತಾ, ಇಲ್ಲಿ ಪೆಂಡಾಲು ಹಾಕಬೇಕಾದರೆ ಎಷ್ಟು ಹಗ್ಗ ಬೇಕಾದೀತೆಂದು ಚಿಂತಿಸಿದರು. ಮಾರನೆಯ ದಿನ ಚಹಾದ ಅಂಗಡಿಯವನು ಹಾಕಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕೂತ ಹಾಗೇ ನಿದ್ದೆ ಹೋದರು. ಊರಿಗೆಲ್ಲ ಕುರ್ಚಿ ಹಾಕುವ ಮನುಷ್ಯ ತಾನು ಒಂದು ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂತದ್ದನ್ನು ಮಕ್ಕಳು ನೋಡಿದ್ದು ಅದೇ ಮೊದಲು. ಇಬ್ಬರೂ ಅಲೆ ನೋಡುವುದನ್ನು ಬಿಟ್ಟು ಅಪ್ಪನನ್ನೇ ನೋಡಿದರು. ಎಚ್ಚರವಾದಾಗ ಅವರ ಕಣ್ಣಿಗೆ ಬಿದ್ದದ್ದು ನಾನು. ಗಾಳಿಗೆ ತುರುಬು ಬಿಚ್ಚಿ ಹೋಗಿತ್ತು. "ಗೌರಿ, ನಿನ್ ಕೂದ್ಲು ಇಷ್ಟುದ್ದ ಅದಾ?" ಎಂದು ಕೇಳಿದರು. ಮದುವೆಯಾಗಿ ಹದಿನಾಲ್ಕು ವರ್ಷವಾಗಿದೆ. ಹಗಲು ಹೊತ್ತಿನಲ್ಲಿ ಬಿಚ್ಚಿದ ಕೂದಲು ನೋಡುವಷ್ಟು ಪುರುಸೊತ್ತು ಅವರಿಗೆ ಸಿಕ್ಕಿರಲಿಲ್ಲ. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಇದನ್ನು ಬಹಿರಂಗ ಪತ್ರದಲ್ಲಿ ಬರೆಯಬಾರದು, ಆದರೆ ರಜೆಯಿಂದ ಏನು ಪ್ರಯೋಜನವಾಯಿತು ಎಂಬ ಕಾಲಮ್ಮನ್ನು ಖಾಲಿ ಬಿಡಲು ಮನಸ್ಸಾಗಲಿಲ್ಲ.

ಶೃತಿ ಕೊನೆಯ ಸಂಜೆ, "ಅಪ್ಪಾ, ಇದ್ಕೆ ರಜನೇ ಇಲ್ವಾ?" ಎಂದು ಕೇಳಿದಳು. ಅಲೆಗಳು ಆಗಲೂ ಬರುತ್ತಲೇ ಇದ್ದವು. ತಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳು ಎಂದೆವು.

ವಾಪಸು ಬರುವಾಗ ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದೆವು. ಎದುರಿಗೆ ಯಾರೋ ಗುಡಿಗೆ ಬಂದ ಸಂಸಾರ, ಮನೆಮಂದಿಯೆಲ್ಲ ನುಣ್ಣಗೆ ಮುಡಿ ಕೊಟ್ಟು ತಲೆಗೆ ಗಂಧ ಬಳಿದುಕೊಂಡು ನಿಂತಿತ್ತು. ಅವರನ್ನು ನೋಡಿದ ಅಮೃತೇಶ್ ತಮ್ಮ ಮಕ್ಕಳ ಕೂದಲು ನೋಡಿದರು, ರಜೆ ಪತ್ರದಲ್ಲಿ ಬರೆದದ್ದು ನೆನಪಾಯಿತು. ನಾನು ಬ್ಯಾಗುಗಳನ್ನು ಕಾಯುತ್ತಾ ನಿಂತಿರುವಾಗಲೇ ಮದನ್‌ನನ್ನು ಎದುರಿನ ಕಟಿಂಗ್ ಶಾಪಿಗೆ ಕರೆದೊಯ್ದರು. ಐಸ್ ಕ್ರೀಮಿನ ಆಸೆಗೆ ಹುಡುಗ ತಲೆ ಬಗ್ಗಿಸಿದ. ಹೊರಗೆ ಬಂದಾಗ ಮಗನ ತಲೆ ಉಜ್ಜಿದ ಹಂಡೆಯ ಹಾಗೆ ಹೊಳೆಯುತ್ತಿತ್ತು, ಅದರ ಮೇಲೆ ಅಂಗಡಿಯಿಂದ ತಂದ ಗಂಧ. ನಾನು ಬಾಯಿ ತೆರೆಯುವ ಮೊದಲೇ, "ನಂಜುಂಡನ ಊರಲ್ಲಿ ಬೋಳ್ಸುದ್ರೆ ಅದೂ ಅರ್ಧ ಮುಡಿ ಲೆಕ್ಕವೇಯ ಕಣಮ್ಮಿ" ಎಂದರು. ಆಮೇಲೆ ಶೃತಿಯ ಜಡೆಗಳ ಕಡೆ ನೋಡಿದರು. ಅವಳು ಎರಡೂ ಜಡೆಗಳನ್ನು ಎದೆಯ ಮೇಲೆ ಹಾಕಿಕೊಂಡು ಕೈಯಲ್ಲಿ ಹಿಡಿದುಕೊಂಡಿದ್ದಳು. ಅಮೃತೇಶ್ ಅತ್ತ ತಿರುಗಿ, "ಎಣ್ಮಕ್ಳುದು ಯಾರ್ ಕೇಳ್ತಾರೆ, ಬುಡು" ಎಂದು ಬೇಕರಿಗೆ ಹೋಗಿ, ಪ್ರಸಾದವೆಂದು ತಮಗೆ ತೋರಿಸಲು ಒಂದು ಪೊಟ್ಟಣ ಲಾಡು ತಂದರು.

ಯಾರು ಕೇಳುತ್ತಾರೆ ಎಂಬುದು ಮರುದಿನ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಗೊತ್ತಾಯಿತು. ನಡೆದದ್ದನ್ನು ನನಗೆ ಶೃತಿ ಹೇಳಿದ್ದಕ್ಕಿಂತ ಹೆಚ್ಚಾಗಿ ರಂಗನಾಯಕ ಹೇಳಿದ. ತಾವು ಮಕ್ಕಳಿಬ್ಬರನ್ನೂ ವೇದಿಕೆಗೆ ಕರೆಸಿದಿರಿ, ಲಾಡಿನ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು ಒಂದನ್ನು ಅಲ್ಲೇ ಬಾಯಿಗೆ ಹಾಕಿಕೊಂಡಿರಿ, ಮದನ್‌ನ ತಲೆಯನ್ನು ಶಾಲೆಗೆಲ್ಲ ತೋರಿಸಿ ಭಕ್ತಿಯೆಂದರೇನು ಎಂದು ವಿವರಿಸಿದಿರಿ. ಆಮೇಲೆ ಶೃತಿಯ ಕಡೆ ತಿರುಗಿ, "ನಿನ್ನ ಮುಡಿ ಎಲ್ಲಮ್ಮ?" ಎಂದು ಮೈಕಿನಲ್ಲೇ ಕೇಳಿದಿರಿ. ಆಣೆ ಮಾಡಿ ಹೇಳುತ್ತೇನೆ, ಹೀಗೆ ಕೇಳಿದರೆ ಹೂಮುಡಿ ಎಂದು ಹೇಳು ಅಂತ ನಾನು ಬಸ್ಸಿನಲ್ಲೇ ಹೇಳಿಕೊಟ್ಟಿದ್ದೆ. ಆದರೆ ತಮ್ಮ ಶಾಲೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಸತ್ಯವನ್ನೇ ನುಡಿ ಎಂದು ಬರೆಸಿದ್ದೀರಲ್ಲ, ಏಳು ವರ್ಷ ಅದರ ಎದುರೇ ನಿಂತು ಪ್ರಾರ್ಥನೆ ಮಾಡಿದ ಹುಡುಗಿ ಅದು. "ಸಾರ್, ನಾವು ಬೆಟ್ಟಕ್ಕೆ ಹೋಗಿರ್ಲಿಲ್ಲ. ಸಮುದ್ರ ನೋಡೋಕೆ ಹೋಗಿದ್ವಿ" ಎಂದಳು. ಆಗ ಒಂದನೇ ತರಗತಿಯ ಸಾಲಿನಿಂದ ಒಂದು ಮಗು, "ಅಕ್ಕಾ, ಎಂಗಿತ್ತು?" ಎಂದು ಕೂಗಿತಂತೆ.

ಆ ಮಗುವಿನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ತಾವು ಲಾಡನ್ನು ನುಂಗಲೂ ಆಗದೆ ಉಗುಳಲೂ ಆಗದೆ, "ಅದಕ್ಕೇ ಇದು ಡಾಲ್ಡಾ ವಾಸನೆ ಹೊಡೀತಿತ್ತು" ಎಂದಿರಿ. ಆಮೇಲೆ ತಮ್ಮ ತೀರ್ಪು ಬಂತು. ದೇವರ ಹೆಸರಲ್ಲಿ ಬರೆದ ಮಾತು ಹುಸಿಯಾಗಬಾರದು, ಪತ್ರದಲ್ಲಿ ಬರೆದುಕೊಟ್ಟ ಹಾಗೆ ಶೃತಿ ಪೂರ್ತಿ ಮುಡಿ ಕೊಟ್ಟು, ಬೆಟ್ಟದ ಅಸಲಿ ಲಾಡು ತಂದು ತೋರಿಸಿದ ಮೇಲೆಯೇ ತರಗತಿಗೆ ಬರತಕ್ಕದ್ದು. ಮದನ್ ಮಾತ್ರ ಒಳಗೆ ಹೋಗಬಹುದು, ಏಕೆಂದರೆ ಅವನ ದಾಖಲೆ ತಲೆಯ ಮೇಲೆಯೇ ಇದೆ. ಸೊಲೊಮನ್ನನ ಆಸ್ಥಾನದಲ್ಲೂ ಇಂಥ ನ್ಯಾಯ ನಡೆದಿರಲಾರದು. ಸುಳ್ಳು ಬರೆದವರು ಅಪ್ಪ ಅಮ್ಮ, ಸುಳ್ಳಿಗೆ ತಲೆ ಬೋಳಿಸಿಕೊಂಡವನು ಮದನ್, ಅವರಾರಿಗೂ ಶಿಕ್ಷೆಯಿಲ್ಲ. ಇಡೀ ವ್ಯವಹಾರದಲ್ಲಿ ನಿಜ ಹೇಳಿದವಳು ಒಬ್ಬಳೇ, ಅವಳು ಗೇಟಿನ ಹೊರಗೆ.

ಶೃತಿ ಈ ವಾರವೆಲ್ಲ ಮನೆಯಲ್ಲಿದ್ದಾಳೆ. ಬೆಳಿಗ್ಗೆ ಎದ್ದು ಯೂನಿಫಾರಂ ಹಾಕಿಕೊಂಡು, ತಮ್ಮನನ್ನು ಗೇಟಿನವರೆಗೆ ಬಿಟ್ಟು ಬಂದು, ಯೂನಿಫಾರಂ ಬಿಚ್ಚಿ ಮಡಿಸಿಡುತ್ತಾಳೆ. ಮೊನ್ನೆ ಸಂಜೆ ನಾನು ತಲೆ ಬಾಚಲು ಕೂತಾಗ ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ನಂದೂ ತೆಗ್ಸ್ಬುಡಮ್ಮ. ಕೂದ್ಲು ಮತ್ತೆ ಬತ್ತದೆ. ಅಪ್ಪನ್ನ ಎಲ್ರೂ ಸುಳ್ಗಾರ ಅಂತಾವ್ರೆ" ಎಂದಳು. ಅಪ್ಪ ಬಾಗಿಲ ಹೊರಗೇ ಇದ್ದರು. ಅಂಗಳಕ್ಕಿಳಿದು, ಮಡಿಸಿಟ್ಟಿದ್ದ ಟಾರ್ಪಾಲನ್ನು ಬಿಚ್ಚಿ ಮತ್ತೆ ಮಡಿಸತೊಡಗಿದರು. ನನಗೆ ಅಳು ಬಂತು. ಹನ್ನೆರಡು ವರ್ಷದ ಹುಡುಗಿ, ಮಗುವಾಗಿದ್ದಾಗ ಕೊಟ್ಟ ಮುಡಿ ಬಿಟ್ಟರೆ ಕತ್ತರಿ ಮುಟ್ಟಿಸದ ಕೂದಲು, ಅದನ್ನು ಅಪ್ಪನ ಮಾನಕ್ಕೆ ಅಡವಿಡಲು ತಾನೇ ಬಂದು ಕೂತಿದ್ದಾಳೆ. ಮಾನ್ಯರೇ, ಈ ಒಂದು ಪ್ಯಾರಾದಲ್ಲಿ ನನಗೆ ವ್ಯಂಗ್ಯ ಬರುತ್ತಿಲ್ಲ, ಮುಂದಿನದರಲ್ಲಿ ಸರಿ ಮಾಡಿಕೊಳ್ಳುತ್ತೇನೆ.

ತಮ್ಮಲ್ಲಿ ನನ್ನ ಕೆಲವು ನಮ್ರ ಕೋರಿಕೆಗಳಿವೆ. ತಮಗಿರುವ ಪ್ರಭಾವ ಬಳಸಿ, ಪಂಚಾಂಗ ಬರೆಯುವವರಿಗೆ ಒಂದು ಮಾತು ಹೇಳಿ, ಮುಂದಿನ ವರ್ಷದಿಂದ ಆಷಾಢವನ್ನು ಮೇ ತಿಂಗಳಿಗೆ ವರ್ಗ ಮಾಡಿಸಿಕೊಡಬೇಕು. ಅದು ಆಗದಿದ್ದರೆ ಮದುವೆಗಳನ್ನು ಶಾಲೆಯ ವೇಳೆಯಲ್ಲಿ, ಬೆಳಗಿನ ಪ್ರಾರ್ಥನೆಗೂ ಸಂಜೆಯ ಗಂಟೆಗೂ ನಡುವೆ ಮುಗಿಸತಕ್ಕದ್ದೆಂದು ಸುತ್ತೋಲೆ ಹೊರಡಿಸಬೇಕು. ಅದೂ ಕಷ್ಟವಾದರೆ ಸಮುದ್ರಕ್ಕೇ ಒಂದು ನೋಟಿಸು ಕೊಟ್ಟು, ಭಾನುವಾರಗಳಂದು ಊರಿನ ಸಂಗಮಕ್ಕೆ ಬಂದು ಹಾಜರಿ ಹಾಕುವಂತೆ ಮಾಡಬೇಕು. ಹೇಗೂ ನಮ್ಮ ಕಾವೇರಿ ಕಪಿಲೆಯರು ಸಮುದ್ರಕ್ಕೇ ಹೋಗುವವರು, ಗುರುತಿನ ಮೇಲೆ ಕರೆದುಕೊಂಡು ಬರಬಹುದು. ಇನ್ನು ತಮ್ಮ ನಾಲಿಗೆಯ ವಿಷಯ. ಬೆಟ್ಟದ ಲಾಡಿಗೂ ಬೇಕರಿಯ ಲಾಡಿಗೂ ಇರುವ ವ್ಯತ್ಯಾಸವನ್ನು ಪ್ರಾರ್ಥನೆಯ ಮಧ್ಯದಲ್ಲಿ, ಭಾಷಣ ಮಾಡುತ್ತಲೇ ಕಂಡುಹಿಡಿದ ನಾಲಿಗೆ ಅದು. ಇಂಥ ಪ್ರತಿಭೆ ಒಂದು ಶಾಲೆಯ ಕೋಣೆಯಲ್ಲಿ ವ್ಯರ್ಥವಾಗುವುದು ನಾಡಿಗೆ ನಷ್ಟ. ಸರ್ಕಾರ ಪ್ರಸಾದ ತಪಾಸಣೆಗೆ ಒಂದು ಇಲಾಖೆ ತೆರೆದು ತಮ್ಮನ್ನು ಅಲ್ಲಿಗೆ ಬಡ್ತಿ ಕೊಟ್ಟು ಕಳಿಸಬೇಕೆಂದು ನಾನು ಮನಸಾರೆ ಹಾರೈಸುತ್ತೇನೆ. ಬೀಳ್ಕೊಡುಗೆ ಸಮಾರಂಭಕ್ಕೆ ಶಾಮಿಯಾನ ನಮ್ಮದೇ, ಅದು ಮೇ ತಿಂಗಳಲ್ಲಿ ಬಂದರೂ ಸರಿಯೇ.

ಇವೆಲ್ಲ ಆಗದ ಮಾತು ಎಂದು ನನಗೂ ಗೊತ್ತು. ಆಗುವ ಮಾತು ಒಂದೇ ಇದೆ. ಸೋಮವಾರ ಶೃತಿಯನ್ನು ತರಗತಿಗೆ ಸೇರಿಸಿಕೊಳ್ಳಿ. ಸುಳ್ಳು ನಮ್ಮದು, ನಿಲ್ಲಿಸುವುದಿದ್ದರೆ ನನ್ನನ್ನು ಮತ್ತು ಅಮೃತೇಶ್ ಅವರನ್ನು ಪ್ರಾರ್ಥನೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿ, ಬೇಕಾದರೆ ಬೆಂಚನ್ನೂ ನಾವೇ ತರುತ್ತೇವೆ. ಅಂದು ಬೆಳಿಗ್ಗೆ ಇಂದಿನ ಚಿಂತನೆ ಎಂದು ಯಾರೋ ಬೋರ್ಡಿನ ಮೇಲಿನ ಎರಡು ಸಾಲು ಓದುವ ಬದಲು, ಮೈಕನ್ನು ಒಂದು ನಿಮಿಷ ನನ್ನ ಮಗಳ ಕೈಗೆ ಕೊಡಿ. ಒಂದನೇ ತರಗತಿಯ ಸಾಲಿನಲ್ಲಿ ಒಂದು ಮಗು ಸಮುದ್ರ ಹೇಗಿತ್ತು ಎಂದು ಕೇಳಿ ಕಾಯುತ್ತಾ ನಿಂತಿದೆ. ಶಾಲೆಯಲ್ಲಿ ಮಗುವೊಂದು ಪ್ರಶ್ನೆ ಕೇಳಿದರೆ ಉತ್ತರ ಕೊಡುವುದು ವಾಡಿಕೆ ಎಂದು ನಾನು ತಿಳಿದಿದ್ದೇನೆ.

ದೇವರು ತಮಗೆ ಆಯುರಾರೋಗ್ಯವನ್ನೂ, ರಜೆ ಪತ್ರಗಳನ್ನು ಓದಿ ನಗುವ ಶಕ್ತಿಯನ್ನೂ ಕೊಡಲಿ ಎಂದು ಬೇಡಿಕೊಳ್ಳುವ,

ತಮ್ಮ ವಿಶ್ವಾಸಿ,
ಮಂಗಳಗೌರಿ ಅಮೃತೇಶ್

ಮರೆತ ಮಾತು: ಮೇಲಿನದೆಲ್ಲ ಶನಿವಾರ ಬರೆದದ್ದು. ಈ ಸಾಲುಗಳನ್ನು ಭಾನುವಾರ ಸಂಜೆ, ಮಾದಪ್ಪನ ಬೆಟ್ಟದಿಂದ ಬಂದು ಸೇರಿಸುತ್ತಿದ್ದೇನೆ. ಭಾನುವಾರವಾದ್ದರಿಂದ ತಮ್ಮ ಅಪ್ಪಣೆ ಬೇಕಾಗಲಿಲ್ಲ. ತಾವು ಹೇಳಿದ್ದು ಸರಿ, ದೇವರ ಹೆಸರಲ್ಲಿ ಬರೆದ ಮಾತು ಹುಸಿಯಾಗಬಾರದು; ಪತ್ರ ಬರೆದ ಮನೆಯಿಂದ ಒಂದು ಪೂರ್ತಿ ಮುಡಿ ಸಲ್ಲಬೇಕಿತ್ತು, ಸಲ್ಲಿಸಿ ಬಂದಿದ್ದೇನೆ. ಅಮೃತೇಶ್, ಬಸ್ಸಿನಲ್ಲಿ ಗಾಳಿ ಬಡಿಯುತ್ತದೆಂದು ತಮ್ಮ ಟವೆಲನ್ನು ನನ್ನ ತಲೆಗೆ ಹೊದಿಸಿದರು. ನಾಳೆ ಬೆಳಿಗ್ಗೆ ಶೃತಿಯ ಕೈ ಹಿಡಿದುಕೊಂಡು ತಮ್ಮ ಬಾಗಿಲಿಗೆ ಬರುವ ಗಂಧ ಬಳಿದ ಬೋಳುತಲೆಯ ಹೆಂಗಸನ್ನು ಕಂಡು ಗಾಬರಿಯಾಗಬೇಡಿ. ಅವಳ ಪಕ್ಕದ ಹುಡುಗಿಗೆ ಎರಡು ಜಡೆ ಇರುತ್ತವೆ, ಎರಡಕ್ಕೂ ಹೊಸ ರಿಬ್ಬನ್ ಕಟ್ಟಿರುತ್ತೇನೆ. ಈ ಪತ್ರದ ಜೊತೆ ಬೆಟ್ಟದ ಲಾಡು ಇಟ್ಟಿದ್ದೇನೆ. ಅಸಲಿಯೋ ನಕಲಿಯೋ ನಿಧಾನವಾಗಿ ತಿಂದು ನೋಡಿ, ಬಾಯಿ ಒರೆಸಿಕೊಂಡು, ನನ್ನ ಮಗಳನ್ನು ಒಳಗೆ ಕರೆಯಿರಿ.